ಕೊಟ್ಟ ಮಜ್ಜಿಗೆಯ ಬೆನ್ನು ಹತ್ತಿ

೧೯೩೧ರಲ್ಲಿ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಉರ್ದು ಅಕ್ಷರಗಳನ್ನು ಬಲದಿಂದ ಎಡಕ್ಕೆ ತಡವರಿಸದೆ ಓದುವಷ್ಟು ಬಂದಿತ್ತು, ಮಗ್ಗಿ ಬಾಯಿಗೆ ಹತ್ತಿತ್ತು, ಅಷ್ಟರಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಒಂದು ಚಕ್ಕಡಿ, ಒಂದು ಜೋಡಿ ಎತ್ತು ಇದ್ದವು. ಅವುಗಳ ಹಗ್ಗ ಹಿಡಿಯಲು ಬೇರೆ ಗಂಡಾಳು ಇರಲಿಲ್ಲ. ಪಾಟಿಯನ್ನು ತೊಲೆಯ ಸಂದಿಯಲ್ಲಿ ಸಿಕ್ಕಿಸಿ ನೊಗದ ಮುಂದೆ ನಿಂತೆ. ಆ ಪಾಟಿಯನ್ನು ಮತ್ತೆ ಇಳಿಸಲಿಲ್ಲ.

ಅಪ್ಪನನ್ನು ಒಯ್ದದ್ದು ಸಂಗ್ರಹಣಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಮೈಗೆ ಹತ್ತುವುದಿಲ್ಲ, ತಿಂದಂತೆಯೇ ಹೊರಗೆ ಹೋಗುತ್ತದೆ. ಮೂಟೆಯನ್ನು ಒಬ್ಬನೇ ಬೆನ್ನಿಗೇರಿಸುತ್ತಿದ್ದ ಮನುಷ್ಯ ಕೊನೆಗೆ ತಂಬಿಗೆ ಎತ್ತಲು ಎರಡು ಕೈ ಹಚ್ಚುತ್ತಿದ್ದ. ಅವನ ಉಡಿದಾರ ಸಡಿಲಾದಾಗಲೆಲ್ಲ ಅವ್ವ ಅದಕ್ಕೆ ಇನ್ನೊಂದು ಗಂಟು ಹಾಕುತ್ತಿದ್ದಳು. ಆ ಗಂಟುಗಳು ಒಂದರ ಪಕ್ಕ ಒಂದು ಕೂತದ್ದನ್ನು ನಾನು ನೋಡಿದ್ದೇನೆ. ಉಳಿದ ಸಂಗತಿಗಳು ಮಸುಕಾಗಿವೆ, ಅದು ಮಾತ್ರ ಆಗಿಲ್ಲ.

ಆಮೇಲೆ ದುಡಿದೆ. ಯಲಬುರ್ಗಾ ಸೀಮೆಯ ಹತ್ತಿಯನ್ನು ಕೊಪ್ಪಳದ ಠೇಶನ್ನಿಗೆ ತರುತ್ತಿದ್ದೆ. ಗಂಗಾವತಿಯ ನೆಲ್ಲನ್ನು ಕುಷ್ಟಗಿಯ ಸಂತೆಗೆ ಹೊಡೆಯುತ್ತಿದ್ದೆ. ನನ್ನ ಚಕ್ಕಡಿಯ ಗಾಲಿ ದಾರಿಯಲ್ಲಿ ಕಳಚಿದ ದಿನವಿಲ್ಲ, ಹೇರಿದ ಮಾಲು ತೂಕದಲ್ಲಿ ಕಡಿಮೆ ಬಂದ ದಿನವಿಲ್ಲ. ಯಾರ ಮನೆಯ ಬಾಗಿಲಲ್ಲಿಯೂ ನಿಂತು ಬೇಡಿದವನಲ್ಲ ನಾನು. ಬಡತನದಲ್ಲಿ ಬೆಳೆದವನಿಗೆ ಇಷ್ಟು ಹೇಳಿಕೊಳ್ಳುವ ಹಕ್ಕಿದೆ ಎಂದು ತಿಳಿದಿದ್ದೇನೆ. ನಮ್ಮ ಊರು ಕೊಪ್ಪಳದಿಂದ ಹಿಟ್ನಾಳಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಹೋಗಿ ಬರುವ ಬಂಡಿಯವರಿಗೆಲ್ಲ ನನ್ನ ಎತ್ತುಗಳ ಗೆಜ್ಜೆಯ ಸದ್ದು ಗೊತ್ತಿತ್ತು.

ಮದುವೆಯಾಗಿ, ಮೊದಲ ಹೆಣ್ಣು ಕೂಸು ಹುಟ್ಟಿ, ಆ ಬಾಣಂತನ ಮುಗಿಯುವ ಹೊತ್ತಿಗೆ ನನ್ನ ಹೆಂಡತಿಯ ಹೊಟ್ಟೆ ಕೆಟ್ಟಿತು. ಯುದ್ಧದ ಕಾಲ. ಒಳ್ಳೆಯ ಜೋಳ ಸರಕಾರ ಎತ್ತುವ ಲೆವಿಗೆ ಹೋಗಿ, ಮುಗ್ಗಿದ ಕಾಳು ಮನೆಗೆ ಉಳಿಯುತ್ತಿತ್ತು. ಅದರಿಂದಲೇ ಇರಬೇಕು ಎಂದು ಮೊದಲು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದು ದಿನ ಆಕೆ ಜೋಳ ಕೇರುತ್ತಿದ್ದಳು. ಮೊರ ಎತ್ತಿದಾಗ ಕೈಯ ಬಳೆಗಳು ಒಟ್ಟಿಗೆ ಜಾರಿ ಮೊಣಕೈ ದಾಟಿ ಹೋದವು. ಮೊರ ಇಳಿಸಿದಾಗ ಝಣ್ಣೆಂದು ಮುಂಗೈಗೆ ಬಂದು ಬಿದ್ದವು. ನನಗೆ ಅಪ್ಪನ ಉಡಿದಾರ ಕಣ್ಣ ಮುಂದೆ ಬಂತು.

ಕೊಪ್ಪಳದ ಸರಕಾರಿ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ಶೀಸೆಯಲ್ಲಿ ಔಷಧ ಕೊಟ್ಟರು, ಅದು ಇರುವವರೆಗೆ ಗುಣ ಕಂಡಿತು, ಮುಗಿದ ಮೇಲೆ ಮತ್ತೆ ಶುರುವಾಯಿತು. ಎರಡನೆಯ ಸಲ ಹೋದಾಗ ಅವರೇ ಹೇಳಿದರು, ಕರುಳು ಸೋತಿದೆ, ಔಷಧಕ್ಕಿಂತ ಪಥ್ಯ ಹೆಚ್ಚು, ಪಥ್ಯ ಮಾಡಿಸುವವರ ಹತ್ತಿರ ತೋರಿಸಿ ಎಂದು. ಹಾಗೆ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಹೋದೆವು. ಅಲ್ಲೊಬ್ಬ ವೈದ್ಯರು ಹೊಟ್ಟೆಯ ಕಾಯಿಲೆಗೆ ಹೆಸರಾಗಿದ್ದರು. ಚಕ್ಕಡಿಯಲ್ಲಿ ಜೋಳದ ಕಣಿಕೆ ಹಾಸಿ, ಮೇಲೆ ಕೌದಿ ಹಾಸಿ ಆಕೆಯನ್ನು ಮಲಗಿಸಿದೆ. ಅವ್ವ ಕೂಸನ್ನೆತ್ತಿಕೊಂಡು ಪಕ್ಕದಲ್ಲಿ ಕೂತಳು.

ವೈದ್ಯರು ನಾಡಿ ಹಿಡಿದರು, ನಾಲಗೆ ನೋಡಿದರು, ಹೊಟ್ಟೆಯ ಮೇಲೆ ಬೆರಳು ಬಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ರೊಟ್ಟಿ ಬ್ಯಾಡ, ಅನ್ನ ಬ್ಯಾಡ, ಉಪ್ಪು ಸುದ್ದಾ ಬ್ಯಾಡ. ಬರೇ ಮಜ್ಜಿಗಿ. ನೀರಡಿಕಿ ಆದ್ರೂ ಮಜ್ಜಿಗೀನ, ಹಸದ್ರೂ ಮಜ್ಜಿಗೀನ. ನಿಭಾಯಸ್ತಿ ಏನಪಾ?”

“ನಿಭಾಯಸ್ತೀನ್ರಿ.”

“ಹೂಂ ಅನ್ನೂದು ಹಗುರ. ಕೇಳು. ಒಂದ ಆಕಳ ಹಾಲು ಇರಬೇಕು. ಒಂದ ಹೆಪ್ಪು ಇರಬೇಕು. ಬೆಣ್ಣಿ ಪೂರಾ ತಗೀಬೇಕು. ಹುಳಿ ಆಗಿದ್ದು ಕೊಡಬ್ಯಾಡ, ಸಪ್ಪಗಿದ್ದದ್ದು ಕೊಡಬ್ಯಾಡ, ಆವತ್ತಿಂದು ಆವತ್ತ ಕೊಡು. ಸ್ವಲ್ಪ ಸ್ವಲ್ಪ ಏರಸ್ಕೋತ ಹೋಗು. ನಾ ಹೇಳೂತನಾ ಕಾಳು ತೋರಸಬ್ಯಾಡ.”

“ಹಾಲು ಕೊಡಬಹುದೇನ್ರಿ?”

“ಹಾಲು ಅಕಿ ಹೊಟ್ಟ್ಯಾಗ ನಿಂದ್ರೂದಿಲ್ಲ. ಹಾಲನ್ನ ಹೆಪ್ಪು ಮೊದಲ ಅರಗಿಸಿ ಕೊಡತೈತಿ, ಆಮ್ಯಾಲ ಅಕಿ ಹೊಟ್ಟಿ ಅರಗಸ್ತೈತಿ. ಸೋತ ಎತ್ತಿನ ಜೋಡಿ ಛಲೋ ಎತ್ತ ಕಟ್ಟೂದಿಲ್ಲೇನು ನೀ? ಹಂಗ.” ಚಕ್ಕಡಿಯವನಿಗೆ ತಿಳಿಯುವ ಹಾಗೆ ಹೇಳಿದರು. ಎದ್ದು ನಿಲ್ಲುವಾಗ ಇನ್ನೊಂದು ಮಾತು ಹೇಳಿದರು. “ನಡುವ ಬಿಟ್ಟಿ ಅಂದ್ರ ಮೊದಲಿನಕಿಂತ ಕೆಡತೈತಿ. ಆವಾಗ ನನ್ನ ಕಡೆ ಬರಬ್ಯಾಡ, ನನ್ನ ಕೈಯಾಗೂ ಏನಿರೂದಿಲ್ಲ.”

ಹೆದರಿಕೆ ನನ್ನೊಳಗೆ ಹೊಕ್ಕದ್ದು ಆ ಮಾತಿನಿಂದ. ಹೆದರಿಕೆಯನ್ನು ಮುಚ್ಚಲು ನಾನು ಎದೆ ಸೆಟೆಸಿ, “ನಮ್ಮನಿ ಹೆಪ್ಪು ಕಡಾ ತಂದದ್ದಲ್ರಿ, ನಮ್ಮ ಮುತ್ಯಾನ ಕಾಲದಿಂದ ಬಂದದ್ದು,” ಎಂದೆ. ಅವ್ವ ಬಾಯಿ ತೆರೆದಳು, ಏನೋ ಹೇಳುವವಳು ಹೇಳದೆ ಮುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ನಾನು ಹೆಪ್ಪಿನ ಗಡಿಗೆಯನ್ನು ನನ್ನ ಸುಪರ್ದಿಗೆ ತೆಗೆದುಕೊಂಡೆ. ನಮ್ಮ ಕಡೆ ಗಂಡಸರು ಆ ಗಡಿಗೆ ಮುಟ್ಟುವುದಿಲ್ಲ. ಹಾಲು ಕಾಸುವುದು, ಹೆಪ್ಪು ಹಾಕುವುದು, ಕಡೆಯುವುದು, ಎಲ್ಲ ಹೆಂಗಸರ ಕೆಲಸ. ಆದರೆ ನನಗೆ ಯಾರ ಕೈಯ ಮೇಲೂ ನಂಬಿಕೆ ಉಳಿದಿರಲಿಲ್ಲ. ಕಾಸಿದ ಹಾಲಿನಲ್ಲಿ ಕಿರುಬೆರಳು ಅದ್ದಿ ಬಿಸಿ ನೋಡುತ್ತಿದ್ದೆ. ಹೆಚ್ಚು ಬಿಸಿ ಇದ್ದರೆ ಹೆಪ್ಪು ಸಾಯುತ್ತದೆ, ಆರಿದ್ದರೆ ಮೊಸರು ಹಿಡಿಯುವುದಿಲ್ಲ. ಹೆಪ್ಪು ಕಲೆಸಿದ ಗಡಿಗೆಯನ್ನು ನೆಲುವಿನಲ್ಲಿ ಇಟ್ಟು ಅದರ ಕೆಳಗೇ ಮಲಗುತ್ತಿದ್ದೆ. ಬೆಳಿಗ್ಗೆ ಎತ್ತು ಹೂಡುವ ಮೊದಲು ಕಡಗೋಲು ಹಿಡಿದು ಕಡೆಯುತ್ತಿದ್ದೆ. ಬೆಣ್ಣೆ ತೆಗೆದು, ಹೆಂಡತಿಯ ದಿನದ ಪಾಲನ್ನು ಒಂದು ಗಡಿಗೆಗೆ ಬಸಿದು, ಮರುದಿನದ ಹೆಪ್ಪಿಗೆಂದು ಚಿಕ್ಕ ಕುಡಿಕೆಯಲ್ಲಿ ಬೇರೆ ಇಟ್ಟು, ಆಮೇಲೆ ಹೊರಡುತ್ತಿದ್ದೆ.

ಪಕ್ಕದ ಮನೆಯ ಸೊಸೆ ಗೋಡೆಯ ಆಚೆಯಿಂದ ಕೂಗುತ್ತಿದ್ದಳು. “ಏನ್ ಮಾವಾ, ಬೆಣ್ಣಿ ಬಂತೇನು? ಬರ್ಲಿಲ್ಲಂದ್ರ ಎತ್ತಿಗೆ ಹೊಡ್ದಂಗ ಎಲ್ಡ ಹೊಡೀರಿ, ಬರತೈತಿ!”

ನಾನು ಕಡೆಯುತ್ತಲೇ ಇರುತ್ತಿದ್ದೆ. ಅವ್ವನಿಗೆ ಮಾತ್ರ ಸಿಟ್ಟು. “ನಿನ್ನ ಮಜ್ಜಿಗಿ ಕುಡಿಸೇ ಬೆಳಸೀನಿ ನಾ. ಈಗ ನನ್ನ ಕೈ ಹೊಲಸ ಆತೇನು?” ಎಂದು ಮುಖ ತಿರುಗಿಸಿಕೊಂಡು ಕೂಡುತ್ತಿದ್ದಳು.

ಹೆಂಡತಿ ಕುಡಿಯುತ್ತಿದ್ದಳು. ಮೊದಮೊದಲು ಮುಖ ಕಿವುಚಿಕೊಂಡು, ಆಮೇಲೆ ಕಣ್ಣು ಮುಚ್ಚಿಕೊಂಡು. ನಾವು ಬಾಗಿಲು ಹಾಕಿಕೊಂಡು, ರೊಟ್ಟಿ ಬಡಿದ ಸದ್ದೂ ಆಗದ ಹಾಗೆ ಕಡಕ್ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದೆವು. ವಾಸನೆ ಹೋಗಿ ಆಕೆಗೆ ತಾಗದಿರಲಿ ಎಂದು ಅವ್ವ ಪಲ್ಯಕ್ಕೆ ಒಗ್ಗರಣೆ ಹಾಕುವುದನ್ನು ಬಿಟ್ಟಿದ್ದಳು. ದಿನ ಕಳೆದಂತೆ ಆಕೆ ಹೊರಗೆ ಹೋಗಿ ಬರುವುದು ಕಡಿಮೆಯಾಯಿತು. ಮುಖದ ಬಣ್ಣ ಒಂದಿಷ್ಟು ತಿರುಗಿತು. ಆದರೆ ನನಗೆ ಧೈರ್ಯ ಬರಲಿಲ್ಲ. ಚಕ್ಕಡಿಯ ಮೇಲೆ ಕೂತಾಗಲೂ ಕುಡಿಕೆಯ ಬಾಯಿ ಮುಚ್ಚಿದ್ದೇನೋ ಇಲ್ಲವೋ, ಬೆಕ್ಕು ಎಳೆದಿದ್ದರೆ, ನೆಲುವಿನ ಹಗ್ಗ ಹರಿದಿದ್ದರೆ ಎಂದು ಇದೇ ಚಿಂತೆ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಹತ್ತಿರ ಒಮ್ಮೆ ನಡುದಾರಿಯಲ್ಲಿ ಬಂಡಿ ತಿರುಗಿಸಿ ಮನೆಗೆ ಬಂದು ನೋಡಿ ಮತ್ತೆ ಹೋದದ್ದೂ ಉಂಟು. ಕುಡಿಕೆ ಇದ್ದಲ್ಲೇ ಇತ್ತು.

ಹಿಂಗಾರಿ ಜೋಳ ಕೀಳುವ ಕಾಲ ಬಂತು. ಬಿಸಿಲು ಏರಿತ್ತು. ಆ ಸೋಮವಾರ ನಾನು ಠೇಶನ್ನಿನಲ್ಲಿ ಹತ್ತಿ ಇಳಿಸಿ ಊರ ಅಗಸಿ ಬಾಗಿಲ ಹತ್ತಿರ ಬರುವಾಗ ಹೊತ್ತು ಇಳಿದಿತ್ತು. ಅಗಸಿಯಲ್ಲಿ ಡಂಗುರದವನು ನಿಂತಿದ್ದ. ಪಕ್ಕದ ಊರುಗಳಲ್ಲಿ ದನಗಳಿಗೆ ಬೇನೆ ಬಿದ್ದಿದೆ, ನಮ್ಮ ಊರಿಗೆ ಬಾರದಿರಲಿ ಎಂದು ಹಿರಿಯರು ಮಧ್ಯಾಹ್ನ ಕೂತು ಊರಮ್ಮನ ಹೆಸರಿನಲ್ಲಿ ವಾರ ಹಿಡಿಯುವುದೆಂದು ತೀರ್ಮಾನ ಮಾಡಿದ್ದರು.

“ಇವತ್ತ ದೀಪ ಹಚ್ಚೂದರಿಂದ ಬುಧವಾರ ಹೊತ್ತ ಹೊಂಡೂತನಾ ಊರ ವಾರ ಐತ್ರೆಪೋ! ಎತ್ತ ಹೂಡಬ್ಯಾಡ್ರಿ! ರೊಟ್ಟಿ ಬಡೀಬ್ಯಾಡ್ರಿ! ಕಡಗೋಲ ಹಿಡೀಬ್ಯಾಡ್ರಿ! ಹಾಲು ಹೈನ ಹೊಸ್ತಿಲ ದಾಟಸಬ್ಯಾಡ್ರೆಪೋ!”

ವಾರ ಮುರಿದವರ ಮನೆಯಿಂದಲೇ ಬೇನೆ ಊರೊಳಗೆ ಬರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಕಡಗೋಲು ಹಿಡಿಯಬಾರದು ಎಂದರೆ ನಾಳೆ ಬೆಣ್ಣೆ ತೆಗೆಯುವುದು ಹೇಗೆ ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಎತ್ತು ಬಿಚ್ಚಿ ಒಳಗೆ ಕಾಲಿಟ್ಟವನು ಮೊದಲು ನೆಲುವಿನ ಕಡೆ ನೋಡಿದೆ. ನೆಲುವು ಖಾಲಿ. ಗಡಿಗೆ, ಕುಡಿಕೆ ಎರಡೂ ತೊಳೆದು ಗೋಡೆಯ ಬುಡದಲ್ಲಿ ಬೋರಲು ಹಾಕಿದ್ದವು.

“ಅವ್ವಾ, ಹೆಪ್ಪು?”

ಅವ್ವ ಒಲೆಯ ಮುಂದೆ ಹಾಲು ಕಾಸಿ ಇಳಿಸುತ್ತಿದ್ದಳು. “ಜ್ವಾಳ ಕೀಳಾಕ ಬಂದ ಹೆಣ್ಣಮಕ್ಕಳು ಬಂದಿದ್ರು. ಗುಂಪಿಗೆ ಗುಂಪು. ಬಿಸಲಾಗ ಬಾಯಿ ಒಣಗಿ ಮಾತ ಹೊಂಡವಲ್ದು. ಮಜ್ಜಿಗಿ ಐತೇನ್ಬೇ ಅಂದ್ರು. ಕೊಟ್ಟೆ.”

“ಕುಡಿಕ್ಯಾಗಿಂದೂ?”

“ಕಡೀಗೆ ಬಂದಕಿಗೆ ಸಾಲಲಿಲ್ಲ. ಮಜ್ಜಿಗಿ ಕೇಳಿದವರಿಗೆ ಇಲ್ಲ ಅನ್ನಾಕ ಬರತೈತೇನು? ಆಕಳ ಕೆಚ್ಚಲ ಬತ್ತತೈತಿ. ಹೆಪ್ಪಿಗೇನು, ಓಣ್ಯಾಗ ಯಾರ ಮನ್ಯಾಗಾದ್ರೂ ಸಿಗತೈತಿ.” ಇಷ್ಟು ಹೇಳಿದ ಮೇಲೆ ಆಕೆಯ ಕಿವಿಗೆ ಓಣಿಯ ತುದಿಯ ಡಂಗುರ ಕೇಳಿಸಿತು. ಪೂರಾ ಕೇಳಿದಳು. ಹಾಲಿನ ಗಡಿಗೆ ಹಿಡಿದ ಕೈ ಹಾಗೇ ನಿಂತಿತು.

ಇದು ಅವ್ವ ಒಬ್ಬಳ ತಪ್ಪೆಂದು ನಾನು ಇವತ್ತಿಗೂ ಅನ್ನುವುದಿಲ್ಲ. ನಮ್ಮ ಸೀಮೆಯಲ್ಲಿ ಮಜ್ಜಿಗೆಯನ್ನು ಮಾರುವವರಿಲ್ಲ, ಕೇಳಿದವರಿಗೆ ಕೊಡದವರಿಲ್ಲ. ಆಕೆ ಹುಟ್ಟಿದಂದಿನಿಂದ ನಡೆದು ಬಂದದ್ದನ್ನೇ ಮಾಡಿದ್ದಳು. ಆದರೆ ಆ ಗಳಿಗೆಯಲ್ಲಿ ನಾನು ಏನೇನೋ ಅಂದೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ಹೆಂಡತಿ ಸಣ್ಣ ದನಿಯಲ್ಲಿ, “ಒಂದಿನಾ ಉಪಾಸ ಇರತೀನಿ, ಅತ್ತೀನ್ನ ಬೈಬ್ಯಾಡ್ರಿ,” ಎಂದಳು. ಒಂದು ದಿನವಲ್ಲ. ಬುಧವಾರ ಬೆಳಿಗ್ಗೆ ಹೆಪ್ಪು ಸಿಕ್ಕರೂ ಮೊಸರು ಹಿಡಿದು ಮಜ್ಜಿಗೆಯಾಗುವುದು ಗುರುವಾರಕ್ಕೆ. ಅಲ್ಲಿಯವರೆಗೆ ಆಕೆಯ ಹೊಟ್ಟೆಗೆ ಏನು? ನಡುವೆ ಬಿಟ್ಟರೆ ತನ್ನ ಕಡೆ ಬರಬೇಡ ಎಂದ ವೈದ್ಯರ ಮುಖ ಕಣ್ಣಿಗೆ ಕಟ್ಟಿತು.

ಅವ್ವ ಎದ್ದು, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. ನಾನೂ ಹಿಂದೆ ಹೋಗಿ ಅಂಗಳದಲ್ಲಿ ನಿಂತೆ. ನನ್ನನ್ನು ದಿನವೂ ಕಾಡಿಸುತ್ತಿದ್ದ ಆ ಸೊಸೆ ಬಾಗಿಲಿಗೆ ಬಂದಳು. ಅವಳ ಹಿಂದೆ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ.

“ಯತ್ತಿ, ದೀಪಾ ಹಚ್ಚೀನಿ. ಅದರಾಗ ವಾರ. ನನ್ನ ಜಾಗಾದಾಗ ನೀ ಇದ್ರ ಕೊಡತಿದ್ದೇನು, ನೀನ ಹೇಳು.”

ಅವ್ವ ಬಟ್ಟಲನ್ನು ಸೆರಗಿನ ಒಳಗೆ ಸರಿಸಿದಳು. “ಇಲ್ಲಬೇ. ಕೊಡತಿದ್ದಿಲ್ಲ,” ಎಂದಳು. ಆ ಸೊಸೆ ಕಣ್ಣೀರು ತಂದುಕೊಂಡಳು. ಇನ್ನೊಂದು ಮನೆಗೆ ಹೋಗುವುದು ಬೇಕಾಗಿರಲಿಲ್ಲ. ಓಣಿಯಲ್ಲಿ ಎಲ್ಲ ಗೂಡುಗಳಲ್ಲೂ ದೀಪ ಹತ್ತಿದ್ದವು.

ಮನೆಗೆ ತಿರುಗಿ ಬರುವಾಗ ನನಗೆ ಹೊಳೆಯಿತು. ನಮ್ಮ ಹೆಪ್ಪು ಎಲ್ಲಿಗೂ ಹೋಗಿಲ್ಲ, ಆ ಹೆಂಗಸರ ಹತ್ತಿರ ಇದೆ.

“ಅವ್ವಾ, ಅವರು ಅಲ್ಲೇ ಕುಡದ್ರೋ, ಒಯ್ದರೋ?”

“ಮುಂದಿನವರು ಕುಡದ್ರು. ಕಡೀಯಕಿ ಮಗಿಯಾಗ ಹಾಕಿಸ್ಕೊಂಡು ಹೋದ್ಲು. ಕುಡಿಕ್ಯಾಗಿಂದು ಅಕೀಗೇ ಹಾಕೀನಿ. ಹಿಟ್ನಾಳ ದಾರೀಗಿನ ದೊಡ್ಡ ಬೇವಿನಗಿಡದ ಕೆಳಗ ಇಳಿದಾರಂತ.”

ಟವೆಲು ಹೆಗಲಿಗೆ ಹಾಕಿ ಹೊರಟೆ. ಆ ಮರ ಊರ ಗಡಿಕಲ್ಲಿನ ಆಚೆ ಇತ್ತು. ಪಡುವಣದಲ್ಲಿ ಇನ್ನೂ ಕೆಂಪು ಉಳಿದಿತ್ತು. ಓಡಿದೆ ಎಂದೇ ಹೇಳಬೇಕು. ದಾರಿಯುದ್ದಕ್ಕೂ ಎರಡು ಯೋಚನೆ ಒಂದನ್ನೊಂದು ಮೆಟ್ಟುತ್ತಿದ್ದವು. ಕುಡಿದು ಮುಗಿಸಿದ್ದರೆ? ಅದು ಒಂದು. ಕೂಲಿಯವರ ಗುಂಪಿನ ಮುಂದೆ ನಿಂತು, ಕೊಟ್ಟ ಮಜ್ಜಿಗೆಯನ್ನು ತಿರುಗಿ ಕೊಡಿ ಎಂದು ಯಾವ ಬಾಯಿಂದ ಕೇಳಲಿ? ಅದು ಇನ್ನೊಂದು. ಎರಡನೆಯದು ದೊಡ್ಡದೆಂದು ಅನ್ನಿಸಿದಾಗಲೆಲ್ಲ ಬಳೆಗಳು ಮೊಣಕೈಗೆ ಜಾರುವುದು ಕಾಣುತ್ತಿತ್ತು. ಮತ್ತೆ ಕಾಲು ಚುರುಕಾಗುತ್ತಿತ್ತು.

ಮರದ ಕೆಳಗೆ ಮೂರು ಕಲ್ಲಿನ ಒಲೆ ಹೊತ್ತಿಸಿ ಹೆಂಗಸರು ಕೂತಿದ್ದರು. ಗಂಡಸರು ಆಚೆ ಬೀಡಿ ಸೇದುತ್ತಿದ್ದರು. ನಾನು ಏದುಸಿರು ಬಿಡುತ್ತ ನಿಂತೆ.

“ಮಧ್ಯಾಹ್ನ ಊರಾಗ ಮಜ್ಜಿಗಿ ತಂದೀರಲ್ಲ, ಅದರಾಗ ಒಂದೀಟು ಉಳದೈತೇನ್ರಿ?”

ಒಬ್ಬಳು ನಗೆ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

“ಯವ್ವಾ, ಕೊಟ್ಟ ಮಜ್ಜಿಗಿ ವಾಪಸ್ ವಸೂಲಿ ಮಾಡಾಕ ಬಂದಾರ! ಲೆವೀಯವರು ಇವರಿಗಿಂತ ಛಲೋ!”

“ಹೊಟ್ಟ್ಯಾಗ ಐತಿ ಯಣ್ಣಾ, ತಗೊಂಡ ಹೋಗ್ತೀಯೇನು?” ಎಂದಳು ಇನ್ನೊಬ್ಬಳು.

ಆಚೆಯಿಂದ ಒಬ್ಬ ಗಂಡಸು, “ಸ್ವಲ್ಪ ತಡಿ, ಮುಂಜಾನಿಗೆ ಹೊರಗ ಬರತೈತಿ,” ಎಂದ. ಎಲ್ಲರೂ ನಕ್ಕರು.

ಇನ್ನೊಂದು ದಿನವಾಗಿದ್ದರೆ ನಾನು ಬಾರುಕೋಲು ಎತ್ತುತ್ತಿದ್ದೆ. ಆವತ್ತು ಕೈ ಮುಗಿದೆ. “ನನ್ನ ಹೇಣ್ತಿಗೆ ಸಂಗ್ರಹಣಿ ಆಗೇತ್ರಿ. ಮಜ್ಜಿಗಿ ಮ್ಯಾಲೇ ಜೀವ ಐತಿ. ನಮ್ಮವ್ವ ಕೊಟ್ಟದ್ದರಾಗ ಹೆಪ್ಪೂ ಹೋಗೇತಿ. ಊರಾಗ ವಾರ, ಯಾರೂ ಕೊಡೂದಿಲ್ಲ,” ಎಂದೆ. ಅಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದೆನೆಂದು ನೆನಪು.

ನಗೆ ನಿಂತಿತು. ಒಲೆಯ ಮುಂದೆ ಕೂತಿದ್ದ ನಡುವಯಸ್ಸಿನ ಹೆಂಗಸು ಎದ್ದಳು. ಕಡೆಗೆ ಬಂದವಳು ಇವಳೇ ಇರಬೇಕು. “ಅದಕ್ಕ ಆ ಮುದುಕಿ ಕುಡಿಕಿ ಬಗ್ಗಸೂಮುಂದ ಎಲ್ಡ ಸಲ ಒಳಗ ನೋಡಿದ್ಲು,” ಎಂದಳು. ಮರದ ಬುಡದಲ್ಲಿ ಒಂದು ಬುಟ್ಟಿಯ ಕೆಳಗಿನಿಂದ ತೆಂಗಿನ ಕರಟ ತೆಗೆದು ತಂದಳು. ಅದರಲ್ಲಿ ಅರ್ಧದಷ್ಟು ಮಜ್ಜಿಗೆ ಇತ್ತು. “ನಾಳಿ ಅಂಬಲಿಗೆ ಹುಳಿ ಬೇಕಲ್ರಿ, ತಗದ ಇಟ್ಟಿದ್ದೆ. ಎಷ್ಟ ನೀರಡಿಕಿ ಆದ್ರೂ ಹೆಣ್ಣಮಗಳು ಒಂದ ಗುಟುಕು ಹೆಪ್ಪಿಗಂತ ತಗದ ಇಡತಾಳ.”

ಅವರಿಗೆ ಬೆಳಗಿನ ಅಂಬಲಿಯೇ ಆಧಾರ. ಜೋಳದ ಹಿಟ್ಟನ್ನು ಕಾಸಿ, ಹುಳಿ ಹಾಕಿ ಇಡೀ ರಾತ್ರಿ ಇಟ್ಟರೆ ಬೆಳಿಗ್ಗೆಗೆ ತಂಪಾಗಿ, ಹೊಟ್ಟೆಗೆ ಹಗುರಾಗಿ, ಮಧ್ಯಾಹ್ನದವರೆಗೆ ಬಿಸಿಲು ತಡೆಯುವ ಶಕ್ತಿ ಕೊಡುತ್ತದೆ. ಹುಳಿ ಇಲ್ಲದಿದ್ದರೆ ಅದು ಬರೀ ಗಂಜಿ. ನನಗೆ ಅದು ಗೊತ್ತಿತ್ತು.

“ಇದಕ್ಕ ಏನ್ ಕೊಡ್ಲಿ, ಅಕ್ಕಾ?”

“ಮಜ್ಜಿಗಿಗೆ ಏನ ಕೊಡತಾರ? ನಿಮ್ಮ ಊರಾಗ ಮಾರತೀರೇನು?” ಎಂದು ಗದರಿಸಿದಳು. ಆಮೇಲೆ ದನಿ ತಗ್ಗಿಸಿ, “ನಿನಗ ಮಸರ ಹತ್ತಿತಂದ್ರ ನಮ್ಮ ಹುಳಿ ನಮಗ ಮುಟ್ಟಸು, ಸಾಕು. ಒಂದಿನಾ ಸಪ್ಪ ಕುಡದ್ರ ಸಾಯೂದಿಲ್ಲ ನಾವು,” ಎಂದಳು.

ಬರುವಾಗಿನ ದಾರಿ ಹೋಗುವಾಗಿನ ದಾರಿಗಿಂತ ಕಷ್ಟದ್ದಾಯಿತು. ಓಡಿದರೆ ಕರಟ ತುಳುಕುತ್ತದೆ. ನಿಧಾನ ಹೋದರೆ ಮನೆಯಲ್ಲಿ ಕಾಸಿ ಇಳಿಸಿದ ಹಾಲು ಆರುತ್ತದೆ. ಕಣ್ಣು ಕರಟದಲ್ಲಿಟ್ಟರೆ ಕಾಲು ಎಡವುತ್ತದೆ, ದಾರಿಯ ಮೇಲಿಟ್ಟರೆ ಕೈ ಓರೆಯಾಗುತ್ತದೆ. ಕರಟದ ಮೇಲೆ ಟವೆಲು ಮುಚ್ಚಿ ಎದೆಗೆ ಒತ್ತಿ ಹಿಡಿದು ನಡೆದೆ. ಅಗಸಿಯಲ್ಲಿ ವಾರ ಕಾಯಲು ಕೂತಿದ್ದ ಹಿರಿಯ, “ಏನೋ ಅದು?” ಎಂದ. “ಹೊರಗಿಂದ ಒಳಗ ತರಬಾರ್ದು ಅಂತ ಡಂಗುರದಾಗ ಇಲ್ರಿ,” ಎಂದು ನಿಲ್ಲದೆ ಬಂದೆ.

ಅವ್ವ ಹಾಲಿನ ಗಡಿಗೆಯನ್ನು ಬೂದಿಯ ಮೇಲೆ ಕೂರಿಸಿ, ಬೆಚ್ಚಗಿರಲೆಂದು ಕೌದಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಕಿರುಬೆರಳು ಅದ್ದಲು ಹೋದೆ. “ಸರಿ ಆಚೆ,” ಎಂದು ಅವ್ವ ತಾನೇ ಬೆರಳದ್ದಿ ನೋಡಿ ಹೆಪ್ಪು ಹಾಕಿದಳು. ಗಡಿಗೆಯನ್ನು ನಾನು ನೆಲುವಿಗೆ ಏರಿಸಿದೆ.

ಬೆಳಿಗ್ಗೆ ಗಡಿಗೆಯನ್ನು ಇಳಿಸಿ ಮೆಲ್ಲಗೆ ಓರೆ ಮಾಡಿದೆ. ಅಲುಗಲಿಲ್ಲ. ಇನ್ನೊಂದು ಚೂರು ಓರೆ ಮಾಡಿದೆ. ಮೊಸರು ಗಟ್ಟಿಯಾಗಿ ಕೂತಿತ್ತು. ಗೋಡೆಗೆ ಒರಗಿ ಅಲ್ಲೇ ಕೆಳಗೆ ಕೂತೆ.

ಕಡಗೋಲಿನ ಚಿಂತೆ ಉಳಿದಿತ್ತು. ಕಡೆದರೆ ಸದ್ದು ಓಣಿಗೆಲ್ಲ ಕೇಳಿಸುತ್ತದೆ. ಕಡೆಯದಿದ್ದರೆ ಬೆಣ್ಣೆ ಬರುವುದಿಲ್ಲ, ಬೆಣ್ಣೆ ಸಹಿತ ಕೊಟ್ಟರೆ ಆಕೆಗೆ ಅರಗುವುದಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಡಿಗೆಯ ಮುಂದೆ ಕೂತು ಮೊಣಕೈವರೆಗೆ ಕೈ ಇಳಿಸಿದಳು. “ಕಡಗೋಲ ಹಿಡೀಬ್ಯಾಡ್ರಿ ಅಂದಾರ. ಕೈ ತೊಳಕೋಬ್ಯಾಡ್ರಿ ಅಂದಿಲ್ಲ,” ಎಂದು ಕೈಯಿಂದಲೇ ಕಿವುಚಿ, ಬೀಸಿ, ಬಹಳ ಹೊತ್ತಿನ ಮೇಲೆ ತೇಲಿ ಬಂದ ಬೆಣ್ಣೆಯನ್ನು ಬೆರಳಿನಿಂದ ಬಳಿದು ತೆಗೆದಳು. ಹೆಂಡತಿಯ ಮೊದಲ ಬಟ್ಟಲು ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಆಮೇಲೆ ಅವ್ವ ಆ ಕರಟವನ್ನು ತೊಳೆದು, ತುಂಬ ಮಜ್ಜಿಗೆ ಹಾಕಿ, ಸೆರಗಿನ ಕೆಳಗೆ ಹಿಡಿದುಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಹೈನ ಹೊಸ್ತಿಲು ದಾಟಬಾರದೆಂದು ಊರಿಗೇ ಬುದ್ಧಿ ಹೇಳುತ್ತಿದ್ದವಳು ಆಕೆ.

“ನಾಳಿ ಕೊಟ್ರಾತಲ್ಲವ್ವಾ.”

“ಇವತ್ತ ರಾತ್ರಿಗೆ ಅವರ ಅಂಬಲಿಗೆ ಹುಳಿ ಬೇಕು. ಕೊಟ್ಟಕಿ ನಾ, ಇಸಗೊಂಡ ಬಂದಾವ ನೀ. ಮುಟ್ಟಸೂದು ನನಗ ಬಿಡು.”

ಅಗಸಿಯ ಹಿರಿಯ ಆಕೆಯನ್ನೂ ತಡೆದನಂತೆ. “ಸೆರಗಿನ್ಯಾಗೇನಬೇ?”

“ನಮ್ಮ ಸೊಸಿ ಬ್ಯಾನೀ ಹೊಲಸ ಐತಿ. ಬಾ, ನೋಡ್ ಬಾ,” ಎಂದಳಂತೆ. ಅವನು ಕಟ್ಟೆಯ ಮೇಲೆ ಹಿಂದಕ್ಕೆ ಸರಿದು ಕೂತ.

ಆದರೆ ಮುಂದಿನ ದಿನಗಳಲ್ಲಿ ಅವ್ವನಿಗೆ ನಿದ್ದೆ ಇರಲಿಲ್ಲ. ದಿನಕ್ಕೆ ಎಷ್ಟೋ ಸಲ ಆಕಳ ಬಾಯಿ ಬಿಡಿಸಿ ನೋಡುವಳು, ಗೊರಸು ಎತ್ತಿ ನೋಡುವಳು. ಓಣಿಯಲ್ಲಿ ಯಾರದೋ ಎಮ್ಮೆ ಮೇವು ಬಿಟ್ಟಿತೆಂದು ಕೇಳಿದ ದಿನ ಆಕೆಯೂ ಉಣ್ಣಲಿಲ್ಲ. ನಾನೂ ಹೆದರಿದೆ. ಆ ಎಮ್ಮೆ ಎರಡು ದಿನಕ್ಕೆ ಎದ್ದು ಮೇಯಿತು. ಬೇನೆ ನಮ್ಮ ಊರಿಗೆ ಬರಲಿಲ್ಲ. ಏಕೆ ಬರಲಿಲ್ಲ ಎಂದು ನನಗೆ ಗೊತ್ತಿಲ್ಲ. ವಾರ ಹಿಡಿದವರೇ ಹೆಚ್ಚು, ಮುರಿದವಳು ಒಬ್ಬಳು, ಊರಮ್ಮ ಲೆಕ್ಕ ಸರಿಮಾಡಿಕೊಂಡಿರಬೇಕು ಎಂದು ಅವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಯುಗಾದಿಗೆ ಮೊದಲು ಮತ್ತೆ ಮಂಗಳೂರಿಗೆ ಹೋದೆವು. ವೈದ್ಯರು ನಾಡಿ ನೋಡಿ, ಜೋಳದ ನುಚ್ಚು ಬೇಯಿಸಿ ಮಜ್ಜಿಗೆಯಲ್ಲಿ ಕಲೆಸಿ ಒಂದೊಂದು ತುತ್ತು ಶುರು ಮಾಡಿ ಎಂದರು. ನಾನು ಕರಟದ ಸಂಗತಿ ಹೇಳಿ, ಆ ರಾತ್ರಿ ನಮ್ಮ ಹೆಪ್ಪು ಹಾಗೇ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು, “ಆಗಲಿಲ್ಲಲ್ಲ,” ಎಂದು ಮುಂದಿನ ರೋಗಿಯನ್ನು ಕರೆದರು.

ತಿರುಗಿ ಬರುವಾಗ ಚಕ್ಕಡಿಯ ಹಿಂದೆ ಕೂತ ಅವ್ವ ನಗತೊಡಗಿದಳು. “ನಮ್ಮ ಹೆಪ್ಪು, ಮುತ್ಯಾನ ಹೆಪ್ಪು ಅಂತೀಯಲ್ಲ. ನಿಮ್ಮಪ್ಪ ಹೋದಾಗ ಸೂತಕದಾಗ ಗಡಿಗಿ ಒಡದು ಚೆಲ್ಲಲಿಲ್ಲೇನು ನಾ? ಆಮ್ಯಾಲ ಭಾಗ್ಯನಗರದ ನೇಕಾರ ಮನ್ಯಾಕಿ ಕೊಟ್ಟಿದ್ಲು. ಅಕಿ ಯಾರ ಹಂತೇಕ ತಂದಿದ್ಲೋ ಏನೋ. ಹೆಪ್ಪು ಯಾರ ಮನೀದೂ ಅಲ್ಲೋ. ತಿರಗಾಡತೈತಿ.”

ನಾನು ಎತ್ತುಗಳನ್ನು ನೋಡುತ್ತ ಕೂತೆ. ಹೆಂಡತಿಯ ನಗೆಯೂ ಕೇಳಿಸಿತು. ಬಹಳ ದಿನಗಳ ಮೇಲೆ ಕೇಳಿದ ನಗೆ ಅದು, ಹಾಗಾಗಿ ನನ್ನನ್ನು ನೋಡಿ ನಕ್ಕರೂ ಸರಿ ಎನಿಸಿತು. ಸ್ವಲ್ಪ ದೂರ ಹೋದ ಮೇಲೆ ಆಕೆ, “ಇನ್ನ ಮ್ಯಾಲ ನಾನ ಕಡೀತೀನ್ರಿ. ನೀವು ಕಡದ್ರ ಮಜ್ಜಿಗಿ ಅಲ್ಲ, ಜಗಳ ಆಗತೈತಿ ಗಡಿಗ್ಯಾಗ,” ಎಂದಳು. ಕೈ ಎತ್ತಿ ಸೆರಗು ಸರಿಪಡಿಸಿಕೊಂಡಳು. ಬಳೆಗಳು ಜಾರುತ್ತವೇನೋ ಎಂದು ನಾನು ತಿರುಗಿ ನೋಡಿದೆ. ಮುಂಗೈಗಿಂತ ಸ್ವಲ್ಪ ಮೇಲೆ ಹೋಗಿ ನಿಂತವು.

ಅದಾದ ಮೇಲೆ ಎಷ್ಟೋ ವರ್ಷ ಜೋಳ ಕೀಳುವ ಕಾಲಕ್ಕೆ ಆ ಬೇವಿನ ಮರದ ಕೆಳಗೆ ಹೋಗಿ ನೋಡುತ್ತಿದ್ದೆ. ಬೇರೆ ಬೇರೆ ಗುಂಪುಗಳು ಬಂದವು, ಆ ಹೆಂಗಸು ಬರಲಿಲ್ಲ. ಬಂದವರಿಗೆ ಅವ್ವ ಮಜ್ಜಿಗೆ ಕೊಡುತ್ತಲೇ ಇದ್ದಳು, ಇರುವವರೆಗೂ ಕೊಟ್ಟಳು. ಕುಡಿಕೆಯದನ್ನು ಮಾತ್ರ ಕೊಡುವ ಮುಂಚೆ ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಹೆದರಿಕೆ ಪೂರಾ ಹೋಗಿಲ್ಲ. ಹೆಂಡತಿ ಊಟದ ನಡುವೆ ಎದ್ದು ಹೊರಗೆ ಹೋದರೆ ಈಗಲೂ ನನ್ನ ಕೈಯ ತುತ್ತು ನಿಲ್ಲುತ್ತದೆ, ಆಕೆ ತಿರುಗಿ ಬಂದು ಕೂಡುವವರೆಗೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಚಕ್ಕಡಿ, ಎರಡು ಎತ್ತು, ಆ ಹಳೆಯ ಆಕಳ ಹೊಟ್ಟೆಯಲ್ಲಿ ಹುಟ್ಟಿದ ಒಂದು ಆಕಳು, ಮೂವರು ಮಕ್ಕಳು, ಹೆಂಡತಿ, ಎರಡು ಗಡಿಗೆ, ಒಂದು ಕುಡಿಕೆ, ಅದರಲ್ಲಿ ನಾಳೆಯ ಹೆಪ್ಪು.